ಬಾಳವ್ವನ ದವಡಿಹಲ್ಲು, ಮುದುಕಪ್ಪನ ಶಾಣ್ಯಾತನ

ಕೇಳ್ರೆವ್ವಾ. ಕೈ ನಿಲ್ಲಸಬ್ಯಾಡ್ರಿ, ಉಂಡಿ ಕಟ್ಟಕೋತನ ಕೇಳ್ರಿ. ಕತಿ ಕೇಳಕೋತ ಕಟ್ಟಿದ ಉಂಡಿ ಒಡಿಯೂದಿಲ್ಲಂತ ನಮ್ಮಜ್ಜಿ ಅಂತಿದ್ಲು. ಖರೇನೋ ಸುಳ್ಳೋ ಆಕೀನ ಕೇಳಬೇಕು, ಆಕಿ ಇಲ್ಲ.

ಹೊಳಿ ಈಚೆ ದಂಡಿಗೆ ಒಂದೂರು. ಆ ಊರಾಗ ಬಾಳವ್ವ ಅನ್ನಾಕಿ. ಗಂಡ ಕುರಿ ಕಾಯಾಂವ, ಮಳಿ ಹಿಡಿದ ಕೂಡಲೆ ಹಿಂಡು ಹೊಡಕೊಂಡು ಹೋದಾ ಅಂದ್ರ ದೀಪಾವಳಿಗೇ ಮಾರಿ ತೋರಸಾಂವ. ಮನ್ಯಾಗ ಉಳದದ್ದು ಒಂದು ಎಮ್ಮಿ, ಒಬ್ಬ ಮಗ. ಇಬ್ಬರೊಳಗ ಎಮ್ಮಿ ಶಾಣ್ಯಾ ಇತ್ತು.

ಮಗನ ಹೆಸರು ಮುದುಕಪ್ಪ. ಹೆಸರಷ್ಟ ಮುದುಕ, ಆಳು ಮದವಿಗೆ ಬಂದಾಂವ. ಜ್ವಾಳದ ಚೀಲ ಒಂದ ಕೈಲೆ ಎತ್ತಾಂವ. ಮನಸು ಬೆಲ್ಲ. ಬುದ್ಧಿ ಮಾತ್ರ ಹೇಳಿದ್ದು ಹೇಳಿದಂಗ. ‘ಎಮ್ಮಿ ಮುಂದ ಹುಲ್ಲು ಹಾಕೋ’ ಅಂದ್ರ ಹಾಕಾಂವ. ಎಮ್ಮಿ ಹೊಳ್ಳಿ ನಿಂತಿತಂದ್ರ ಹುಲ್ಲು ಎತ್ತಿಕೊಂಡು ಮತ್ತ ಮುಂದ ಹೋಗಾಂವ. ಎಮ್ಮಿ ಮತ್ತ ಹೊಳ್ಳತಿತ್ತು, ಇಂವ ಮತ್ತ ಮುಂದ. ಹೊತ್ತು ಮುಣಗೂತನ ಇಬ್ಬರೂ ಗಿರಿಗಿರಿ.

ಬಾಳವ್ವ ಹಣಿ ಹಣಿ ಬಡಕೊಂಡು ಅಂತಿದ್ಲು: “ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ. ನನಗ ಹೆಗ್ಗಣಾನ ಹುಟ್ಟಿದ್ರ ಚೊಲೋ ಇತ್ತು. ತನ್ನ ತೂತಾದ್ರೂ ತಾ ಕೊರಕೋತಿತ್ತು.”

ಹಂಗ ಅಂದು, ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಾಕಿ.

ಆಷಾಢ ಮುಗಿದು ಶ್ರಾವಣ ಹಿಡಿಯೂ ಮುಂದ ಬಾಳವ್ವಗ ದವಡಿಹಲ್ಲು ನೋಯಾಕ ಹತ್ತಿತು. ಹಲ್ಲಿಗೆ ಹುಟ್ಟಿದ ನೋವು ಕಿವೀಗೆ ಬಂತು, ಕಿವೀದು ಕಣ್ಣಿಗೆ ಬಂತು, ಕಣ್ಣಿಂದು ನೆತ್ತಿ ಏರಿ ಕುಂತಿತು. ಗಲ್ಲ ಬಾತು ಒಂದ ಕಡೆ ಮಾರಿ ಆಕೀದು, ಇನ್ನೊಂದ ಕಡೆ ಮಾರಿ ಬ್ಯಾರೆ ಯಾರದೋ ಆದಂಗಾತು.

ಹಲ್ಲಿನ ಡಾಕ್ಟರ್ ಇರಲಿಲ್ಲೇನು ಅಂತ ಕೇಳ್ತೀರಿ. ಇದ್ರು. ಪ್ಯಾಟ್ಯಾಗ ಗಾಜಿನ ಬಾಗಲಾ ಹಾಕ್ಕೊಂಡು ಒಬ್ಬಾಂವ ಕುಂತಿದ್ದ. ಅವನ ಕಡೆ ಹೋದ್ರ ಹಲ್ಲಿನ ಜೋಡಿ ಮೂಗನತ್ತೂ ಕಿತ್ತು ಕೊಡಬೇಕು. ಹೊಳಿ ಆಚೆ ಊರಾಗ ದೊಡ್ಡ ದವಾಖಾನಿ ಇತ್ತು, ಅಲ್ಲಿ ಒಬ್ಬ ಡಾಕ್ಟರವ್ವ ಪುಕ್ಕಟ ಹಲ್ಲು ಕೀಳತಿದ್ಲು. ಆದ್ರ ಆ ಊರು ಬಾಳವ್ವನ ತವರು. ತವರಿಗೆ ಆಕಿ ಕರೀದ ಹೋಗಾಕಿ ಅಲ್ಲ. ಕರಿಯಾವರು ಬಂದು ಭಾಳ ವರ್ಷ ಆಗಿತ್ತು.

ಅದೊಂದು ಸಣ್ಣ ಮಾತಿಂದ ಆಗಿದ್ದು. ಬಾಳವ್ವನ ಅವ್ವ ಮುಪ್ಪಿನ್ಯಾಗ ಹಲ್ಲು ಕಳಕೊಂಡು, ಎಲಿ ಅಡಿಕಿ ಕುಟ್ಟಾಣ್ಯಾಗ ಕುಟ್ಟಿ ಕುಟ್ಟಿ ಬಾಯಿಗೆ ಹಾಕ್ಕೋತಿದ್ಲು. ಅಂಗೈಯಷ್ಟು ಕಬ್ಬಿಣದ ಕುಟ್ಟಾಣಿ. ಟಣ್ ಟಣ್ ಅಂತ ಸಪ್ಪಳ ಕೇಳಿದ್ರ ಮುದುಕಿ ಎದ್ದಾಳಂತ ಮಂದಿಗೆ ಗೊತ್ತಾಗತಿತ್ತು. ಮುದುಕಿ ಸತ್ತಾಗ ಬಾಳವ್ವ ಬ್ಯಾರೆ ಏನೂ ಕೇಳಲಿಲ್ಲ. “ಅಣ್ಣಾ, ಅವ್ವನ ಕುಟ್ಟಾಣಿ ನನಗ ಕೊಡೋ” ಅಂದ್ಲು.

ಅಣ್ಣ ಫಕೀರಪ್ಪ ದುಃಖದಾಗಿದ್ದ. ದುಃಖದಾಗ ಇದ್ದಾವರ ಬಾಯಿ ಒರಟು. “ನಿನ್ನ ಹಲ್ಲು ಗಟ್ಟಿ ಅದಾವಲ್ಲ, ನಿನಗ್ಯಾಕ ಕುಟ್ಟಾಣಿ?” ಅಂದುಬಿಟ್ಟ. ಈಕಿ ಸಿಟ್ಟೀಲೆ ಅಂದ್ಲು: “ನೀನಾಗಿ ಕರಿಯೂತನ ನಿನ್ನ ಹೊಸ್ತಿಲಾ ತುಳಿಯೂದಿಲ್ಲ.” ಅಂವ ಕರೀಲಿಲ್ಲ, ಈಕಿ ತುಳೀಲಿಲ್ಲ. ನಾಗರ ಪಂಚಮಿ ಬಂತು, ಹೋತು. ಮತ್ತ ಬಂತು, ಮತ್ತ ಹೋತು. ಓಣಿ ಹೆಣ್ಣಮಕ್ಕಳೆಲ್ಲಾ ಅಣ್ಣ ತಮ್ಮಂದಿರ ಹಿಂದ ತವರಿಗೆ ಹೋಗಿ ಜೋಕಾಲಿ ಆಡಿ ಬರೂದು, ಬಾಳವ್ವ ಎಮ್ಮಿ ಸಗಣಿ ಬಳಿಯೂದು. ಹಿಂಗ ನಡದಿತ್ತು.

ಈಗ ನಮ್ಮ ಶಾಣ್ಯಾನ ಕಡೆ ಬರೂಣು.

“ಯಪ್ಪಾ ಮುದುಕ್ಯಾ, ಅಂಗಡಿಗೆ ಹೋಗಿ ಒಂದು ಲವಂಗ ಇಸಕೊಂಡು ಬಾ. ನೋಯೂ ಹಲ್ಲಿನ ಸಂದ್ಯಾಗ ಇಡಬೇಕು. ಮತ್ತೆಲ್ಲೂ ಇಡಬ್ಯಾಡ, ಕಳೀತಿ.”

“ಆತವ್ವಾ.”

ಹೋದ. ಲವಂಗ ಇಸಕೊಂಡ. ಹೊಳ್ಳಿ ನೋಡಿದ್ರ ಅಂಗಡಿಯಾಂವ ಗಲ್ಲ ಹಿಡಕೊಂಡು ಕುಂತಾನ. “ಯಾಕ್ ಕಾಕಾ?” “ಹಲ್ಲು ನೋಯ್ತಾವಪಾ ಮುದುಕಪ್ಪಾ.” ಇಂವಗ ಭಾಳ ಖುಷಿ ಆತು. ಅವ್ವ ಹೇಳಿದ್ದು ಇಲ್ಲೇ ಸಿಕ್ಕಿತಲ್ಲ. “ಬಾಯಿ ತೆರಿ ಕಾಕಾ” ಅಂದ, ನೋಯೂ ಹಲ್ಲಿನ ಸಂದ್ಯಾಗ ಲವಂಗ ಇಟ್ಟ, ಕೈ ಝಾಡಿಸಿಕೊಂಡು ಮನಿಗೆ ಬಂದ.

“ಲವಂಗ ಎಲ್ಲೋ?”

“ನೋಯೂ ಹಲ್ಲಿನ ಸಂದ್ಯಾಗ ಐತಿ.”

“ಯಾರ ಹಲ್ಲು?”

“ಅಂಗಡಿ ಕಾಕಾಂದು. ಅವ್ವಾ, ಅಂವಗ ಆರಾಮಾತು. ನಿನಗೂ ಆತೇನು?”

ಬಾಳವ್ವ ಗಲ್ಲ ಹಿಡಕೊಂಡು ಗ್ವಾಡಿಗೆ ಆತು ಕುಂತ್ಲು. “ಹುಚ್ಚಪ್ಯಾಲಿ, ನೋವು ನಂದು, ಬಾಯಿ ನಂದು. ಇನ್ನ ಮ್ಯಾಲೆ ನನಗಂತ ಏನ ತಂದ್ರೂ ದಾರ್‍ಯಾಗ ನಿಲ್ಲಬ್ಯಾಡ. ಸೀದಾ ನನ್ನ ಬಾಯಿಗೇ ತಂದು ಇಡು.”

“ಆತವ್ವಾ. ಸೀದಾ ಬಾಯಿಗೆ.”

ಮರುದಿನ ಬಾಜೂ ಮನಿ ಕಳಕವ್ವ ಬಂದ್ಲು. ಸೂಲಗಿತ್ತಿ ಮುದುಕಿ, ಊರ ಔಷಧೆಲ್ಲಾ ಆಕಿ ಉಡ್ಯಾಗ. ನೋಡಿ ಅಂದ್ಲು: “ಹಲ್ಲಿನ್ಯಾಗ ಹುಳಾ ಆಗೈತಿ. ನೆಲಗುಳ್ಳದ ಬೀಜ ಕೆಂಡದ ಮ್ಯಾಲೆ ಹಾಕಿ ಹೊಗಿ ಕುಡಸೂಣು, ಉದರತೈತಿ. ಏ ಮುದುಕ್ಯಾ, ನಮ್ಮ ಒಲ್ಯಾಗಿಂದ ನಿಮ್ಮವ್ವಗ ಒಂದು ಕೆಂಡ ತಾ.”

ಅವ್ವಗಂತ ಅಂದ್ಲಲ್ಲ. ಇಕ್ಕಳದಾಗ ಕೆಂಡ ಹಿಡಕೊಂಡ, ದಾರ್‍ಯಾಗ ಯಾರ ಮಾತಾಡಿಸಿದ್ರೂ ನಿಲ್ಲಲಿಲ್ಲ. ಬಂದಾಂವ ಸೀದಾ ಅವ್ವನ ಎದುರಿಗೆ ಕುಂತ.

“ಬಾಯಿ ತೆರಿ ಅವ್ವಾ.”

ಬಾಳವ್ವ ಹಲ್ಲುನೋವು ಮರತು ಎಮ್ಮಿ ಹಿಂದ ಓಡಿದ್ಲು. ಇಂವ ಇಕ್ಕಳ ಹಿಡಕೊಂಡು ಬೆನ್ನ ಹತ್ತಿದ. “ಆರತೈತವ್ವಾ, ಲಗೂನ ತೆರಿ.” ಕಳಕವ್ವ ಸೆರಗು ಬಾಯಿಗಿಟ್ಟು ನಕ್ಕು ನಕ್ಕು ಬೀಜ ಎಲ್ಲಾ ಚೆಲ್ಲಿದ್ಲು. ಹುಳಾ ಹಲ್ಲಿನ್ಯಾಗ ಆರಾಮ ಉಳೀತು.

“ಕೆಂಡ ಯಾರರ ತಿಂತಾರೇನೋ? ನಿನ್ನ ಬುದ್ಧಿ ಹಚ್ಚಬ್ಯಾಡ ಮಾರಾಯಾ. ತಿಳದವರು ಇರ್ತಾರ. ಅವರು ಏನಂತಾರ ಕೇಳು, ಅವರ ಮಾತಿನಂಗ ನಡಿ.”

“ಆತವ್ವಾ. ತಿಳದವರು ಹೇಳಿದಂಗ.”

ತಿಳದವರು ಎಲ್ಲಿರ್ತಾರ? ದವಾಖಾನ್ಯಾಗ. ಬಾಳವ್ವನ ಟ್ರಂಕಿನ್ಯಾಗ ಒಂದು ಕಾರ್ಡಿತ್ತು, ಅದರ ಮ್ಯಾಲೆ ಆಕಿ ಫೋಟೋ. ರೋಗ ಬಂದ್ರ ಇದನ್ನ ತೋರಸ್ರಿ, ರೊಕ್ಕಾ ಬೇಕಾಗೂದಿಲ್ಲಂತ ಸರಕಾರದಾವರು ಕೊಟ್ಟು ಹೋಗಿದ್ರು. ಬಾಳವ್ವ ಅದನ್ನ ಅರಿವ್ಯಾಗ ಸುತ್ತಿ ಜ್ವಾಕೀಲೆ ಇಟ್ಟಿದ್ಲು. ತಾಯಿ ಮಗ ಇಬ್ಬರೂ ಬಸ್ ಹತ್ತಿ ಪ್ಯಾಟಿ ದವಾಖಾನಿಗೆ ಹೋದ್ರು. ಅಲ್ಲಿ ಕಿಡಕ್ಯಾಗ ಕುಂತ ಹೆಣ್ಣಮಗಳು ಕಾರ್ಡು ತಿರುವಿ ಮುರುವಿ ನೋಡಿದ್ಲು.

“ಏನಾಗೇತಬೇ?”

ಬಾಳವ್ವಗ ಬಾಯಿ ತೆರಿಯಾಕ ಆಗವಲ್ತು. ಮುದುಕಪ್ಪ ಹೇಳಿದ: “ಹಲ್ಲು ನೋಯ್ತಾವ್ರೀ.”

“ಇದರಾಗ ಹಲ್ಲು ಬರೂದಿಲ್ಲ.”

“ಮತ್ತೇನ ಬರ್ತೈತ್ರೀ?”

“ಎದಿ ಬರ್ತೈತಿ. ಹೊಟ್ಟಿ ಬರ್ತೈತಿ. ಕಾಲು ಮುರದ್ರ ಬರ್ತೈತಿ. ಹಲ್ಲು ಬರೂದಿಲ್ಲ. ಇಲ್ಲಿ ಹಲ್ಲಿನ ಡಾಕ್ಟರೂ ಇಲ್ಲ, ವರ್ಗ ಆಗಿ ಹೋಗ್ಯಾರ. ಹೊಳಿ ಆಚೆ ಹೋಗ್ರಿ.”

ಹೊಳಿ ಆಚೆ ಅಂದ ಕೂಡಲೆ ಬಾಳವ್ವ ಕಾರ್ಡು ಇಸಕೊಂಡು ಹೊಳ್ಳಿದ್ಲು. ಬಸ್ಟ್ಯಾಂಡಿನ ಕಟ್ಟಿ ಮ್ಯಾಲೆ ಕುಂತ್ಲು. ಮುದುಕಪ್ಪನ ಹಣಿ ಗಂಟಾಗಿತ್ತು. ತಿಳದಾವರು ಹೇಳಿದ ಮಾತು ತಲ್ಯಾಗ ತಿರುವಿ ತಿರುವಿ, ಕಡೀಕ ಮಾರಿ ಅರಳಿಸಿ ಅಂದ: “ಅವ್ವಾ, ಹಲ್ಲು ನುಂಗು.”

“ಏನಂದಿ?”

“ಹೊಟ್ಟಿ ಬರ್ತೈತಿ ಅಂದ್ಲಲ್ಲ ಆ ಕಿಡಕ್ಯಾಗಿನಾಕಿ. ನುಂಗಿದಿ ಅಂದ್ರ ಹಲ್ಲು ಹೊಟ್ಟ್ಯಾಗ ಹೋಗತೈತಿ. ಆಮ್ಯಾಲೆ ಕಾರ್ಡು ತೋರಸೂಣು. ತಗೀತಾರ.”

ಬಾಜೂಕ ಕುಂತ ಮಂದಿ ಗೊಳ್ಳಂದ್ರು. ಒಬ್ಬ ಅಜ್ಜ, “ಹುಡುಗ ಖರೇನ ಅಂತಾನಬೇ, ಸರಕಾರ ನುಂಗಿದ್ದಕ್ಕ ಮಾತ್ರ ಕೊಡತೈತಿ” ಅಂದ. ನಗಬೇಕಂದ್ರೂ ಬಾಳವ್ವಗ ಗಲ್ಲ ಬಿಡಲಿಲ್ಲ. ಊರಿಗೆ ಬರೂತನ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡು ಕುಂತ್ಲು.

“ಮುದುಕ್ಯಾ, ನನ್ನ ಮಾನ ಹೋತು. ಇನ್ನ ಮ್ಯಾಲೆ ಯಾರಿಗೂ ನಿನ್ನ ಮಾತು ಹೇಳಬ್ಯಾಡ. ಯಾರ ಕೇಳಿದ್ರೂ ನಾ ಏನ ಹೇಳಿರ್ತೇನಿ ಅದನ್ನ ಹೇಳು. ಒಂದಕ್ಷರ ಕೂಡಸಬ್ಯಾಡ, ಒಂದಕ್ಷರ ಬಿಡಬ್ಯಾಡ.”

“ಆತವ್ವಾ. ನೀ ಹೇಳಿದ್ದು, ಅಷ್ಟೂ.”

ಅವತ್ತ ಸಂಜೀಮುಂದ ಜಿಟಿಜಿಟಿ ಮಳಿ. ಬಾಳವ್ವ ರೊಟ್ಟಿ ಹಾಲಾಗ ನೆನಸಿ ನುಂಗಕೋತ ಮಗಗ ತವರಿನ ಪಂಚಮಿ ಹೇಳಿದ್ಲು. ಹೇಳಾಕ ಬ್ಯಾರೆ ಯಾರಿದ್ರು? ಎಮ್ಮಿ ಮಲಗಿತ್ತು.

“ನಮ್ಮವ್ವ ಕಟ್ಟಿದ ಕಡ್ಲಿ ಉಂಡಿ ಅಂದ್ರ ಕಲ್ಲಿನಂಗ ಇರ್ತಿದ್ದು. ನನ್ನ ಹಲ್ಲಿಗೆ ಒಡೀತಿರಲಿಲ್ಲ, ಸಣ್ಣಾಕಿ ಇದ್ನಲ್ಲ. ನಮ್ಮಣ್ಣ ಅಂಗಿ ಚುಂಗಿನ್ಯಾಗ ಉಂಡಿ ಸುತ್ತಿ, ಕಟ್ ಅಂತ ಹಲ್ಲಿಲೆ ಒಡದು ನನಗ ಅರ್ಧ ಕೊಡತಿದ್ದ. ಅದಕ್ಕ ಗುಬ್ಬಿ ಎಂಜಲಾ ಅಂತಿದ್ವಿ. ಅರಿವಿ ನಡುವ ಇದ್ರ ಎಂಜಲಾ ತಾಗೂದಿಲ್ಲ, ನೋಡು. ದೊಡ್ಡ ತುಂಡು ನನಗ, ಪುಡಿ ತನಗ. ಏಲಕ್ಕಿ ವಾಸನಿ ಅಂಗಿಗೆ ಹತ್ತಿ ಹಬ್ಬ ಮುಗದ ಮ್ಯಾಲೂ ಇರ್ತಿತ್ತು.”

“ಈಗ್ಯಾಕ ಕೊಡೂದಿಲ್ಲ ಮಾವ?”

“ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ. ನನಗ ಈಗ ಎರಡೂ ಇಲ್ಲ. ಮಲಗು.”

ಮುದುಕಪ್ಪ ಮಲಗಿದ. ಆಕಿ ಮಲಗಲಿಲ್ಲ. ಗಲ್ಲಕ್ಕ ಕೈ ಹಚ್ಚಿಕೊಂಡು, ಮಳ್ಯಾಗ ಹೊಳಿ ಕಡೆ ನೋಡಕೋತ ಕುಂತ್ಲು. ಹಲ್ಲು ನೋಯ್ತಿತ್ತೋ ಅವ್ವ ನೆನಪಾಗಿದ್ಲೋ ಆಕೀಗೇ ಗೊತ್ತಾಗಲಿಲ್ಲ. ಎರಡೂ ಒಂದ ಜಾಗಾದಾಗ ನೋಯ್ತಿದ್ದು.

ಪಂಚಮಿ ಹತ್ತರ ಬಂತು. ಹಬ್ಬಕ್ಕ ಬಳಿ ಇಡಸಾಕ ಖಾಜೇಸಾಬ ಬಂದ. ಬಳಿ ಮಲಾರ ಹೆಗಲಿಗೆ ಹಾಕ್ಕೊಂಡು ಹೊಳಿ ಈಚೆ ಆಚೆ ಎರಡೂ ಕಡೆ ತಿರಗಾಂವ, ತವರಿನ ಸುದ್ದಿ ಅತ್ತಿಂದಿತ್ತ ಮಾಡಾಂವ. ಬಾಳವ್ವ ಒಳಗ ಕುಂತು ಮಗಗ ಹೇಳಿದ್ಲು: “ನಾ ಈ ಮಾರಿ ತಗೊಂಡು ಹೊರಗ ಬರೂದಿಲ್ಲ. ಅಂವ ಕೇಳಿದ್ರ ನಾವೆಲ್ಲಾ ಆರಾಮ ಅದೇವಿ ಅಂತ ಹೇಳು. ಹಲ್ಲಿನ ಸುದ್ದಿ ಹೇಳಬ್ಯಾಡ. ನಮ್ಮವ್ವನ ಕುಟ್ಟಾಣಿ ನೆನಸಿ ನಾ ಅಳತೇನಂತ ಹೇಳಬ್ಯಾಡ. ಅಣ್ಣ ಬರ್ತಾನಂತ ದಿನಾ ಹೊಳಿ ಕಡೆ ನೋಡತೇನಂತೂ ಹೇಳಬ್ಯಾಡ, ನನ್ನಾಣಿ.”

“ಆತವ್ವಾ.”

ಒಂದಕ್ಷರ ಬಿಡಬ್ಯಾಡ ಅಂದಿದ್ಲಲ್ಲ. ಇಂವ ಕಟ್ಟಿಗೆ ಬಂದು ನೆಟ್ಟಗ ನಿಂತ, ಸಾಲ್ಯಾಗ ಪಾಠ ಒಪ್ಪಿಸಿದಂಗ ಒಪ್ಪಿಸಿದ.

“ಖಾಜೇಸಾಬ ಕಾಕಾ, ನಾವೆಲ್ಲಾ ಆರಾಮ ಅದೇವಿ. ಹಲ್ಲಿನ ಸುದ್ದಿ ಹೇಳಬ್ಯಾಡ. ನಮ್ಮವ್ವನ ಕುಟ್ಟಾಣಿ ನೆನಸಿ ನಾ ಅಳತೇನಂತ ಹೇಳಬ್ಯಾಡ. ಅಣ್ಣ ಬರ್ತಾನಂತ ದಿನಾ ಹೊಳಿ ಕಡೆ ನೋಡತೇನಂತೂ ಹೇಳಬ್ಯಾಡ, ನನ್ನಾಣಿ.”

ಖಾಜೇಸಾಬ ಬಳಿ ಒರಸೂದು ನಿಲ್ಲಿಸಿದ. ಬಾಗಲಾ ಕಡೆ ಒಮ್ಮೆ ನೋಡಿದ. “ಆತಪಾ, ಹೇಳೂದಿಲ್ಲ” ಅಂದು ಮಲಾರ ಎತ್ತಿಕೊಂಡು ಅವಸರಲೆ ಹೊಳಿ ಕಡೆ ಹೊಂಟ. ಓಣ್ಯಾಗ ಇನ್ನೂ ನಾಕ ಹೆಣ್ಣಮಕ್ಕಳಿಗೆ ಬಳಿ ಇಡಸೂದಿತ್ತು, ಅದನ್ನೂ ಬಿಟ್ಟು ಹೊಂಟ.

ಒಳಗಿಂದ ಎಲ್ಲಾ ಕೇಳಿಸಿಕೊಂಡ ಬಾಳವ್ವ ಕಂಬಕ್ಕ ತಲಿ ಹಚ್ಚಿದ್ಲು. “ಯಪ್ಪಾ, ನೀ ನನ್ನ ಹೊಟ್ಟ್ಯಾಗ ಹುಟ್ಟೂ ಬದಲಿ ನಾ ನಿನ್ನ ಹೊಟ್ಟ್ಯಾಗ ಹುಟ್ಟಿದ್ರ ನಿನಗ ಬುದ್ಧಿ ಕಲಸತಿದ್ನಿ. ಇನ್ನೇನೈತಿ. ಅಂವ ಬರೂದಿಲ್ಲ, ಕನಿಕರಲೆ ಯಾರ ಕೈಯಾಗರ ಉಂಡಿ ಕಳಸ್ತಾನ. ನಾ ಅದನ್ನ ಹ್ಯಾಂಗ ತಿನ್ನಲಿ? ಕಲ್ಲಿನಂಥಾ ಉಂಡಿ.” ತಿನ್ನೂ ಆಶಾ ಬಿಡಲಿಲ್ಲ ಆಕಿಗೆ. “ಕೇಳಿಲ್ಲಿ. ಮಾವನ ಮನಿಯಿಂದ ಏನ ಬಂದ್ರೂ ಮೊದಲ ನೀರಾಗ ನೆನೀಹಾಕು. ಮೆತ್ತಗಾಗೂತನ ನನ್ನ ಮುಂದ ತರಬ್ಯಾಡ.”

“ಆತವ್ವಾ. ಮಾವನ ಮನಿಯಿಂದ ಏನ ಬಂದ್ರೂ.”

ಪಂಚಮಿಗೆ ಎರಡ ದಿನ ಮೊದಲ ರೊಟ್ಟಿ ಹಬ್ಬ. ಗೊತ್ತಲ್ಲ, ಖಡಕ್ ರೊಟ್ಟಿ ಮ್ಯಾಲೆ ಪಲ್ಯ ಚಟ್ನಿ ಇಟ್ಟು ಮನಿಮನಿಗೆ ಕೊಟ್ಟು ಬರೂ ದಿನ. ತನಗ ಒಂದು ತುಣುಕು ಕಡಿಯಾಕ ಬರದಿದ್ರೂ ಬಾಳವ್ವ ಬುಟ್ಟಿ ತುಂಬ ರೊಟ್ಟಿ ಬಡದಿದ್ಲು. ಸೆರಗಿನ್ಯಾಗ ಗಲ್ಲ ಮುಚ್ಚಿಕೊಂಡು ಓಣಿಗೆ ಹಂಚಾಕ ಹೋದ್ಲು. ಮನ್ಯಾಗ ಮುದುಕಪ್ಪ ಒಬ್ಬನ. ಮಧ್ಯಾಹ್ನದ ಬಸ್ ಬಂತು, ಹೋತು. ಬಾಗಲದಾಗ ಒಬ್ಬ ಹಿರಿಯಾ ನಿಂತ. ತಲೀಗೆ ರುಮಾಲು, ಕೈಯಾಗ ಚೀಲ, ಸಣಕಲ ಆಳು.

“ಬಾಳವ್ವ ಅದಾಳೇನಪಾ?”

“ರೊಟ್ಟಿ ಕೊಡಾಕ ಹೋಗ್ಯಾಳ. ನೀ ಯಾರು?”

“ನಿಮ್ಮ ಮಾವನೋ. ಫಕೀರಪ್ಪ. ಗುರುತ ಹತ್ತಲಿಲ್ಲೇನು?”

“ಎಲ್ಲಿಂದ ಬಂದಿ ಮಾವಾ?”

“ಮನಿಯಿಂದ ಬಂದ್ನೆಪಾ, ಮತ್ತೆಲ್ಲಿಂದ ಬರಲಿ.”

ಮುದುಕಪ್ಪ ಅಷ್ಟ ಕೇಳಿದ. ಮೊದಲ ಚೀಲ ಇಸಕೊಂಡ. ಅದರಾಗಿನ ಉಂಡಿ ಎಲ್ಲಾ ಕುಡಿಯೂ ನೀರಿನ ಕೊಡಕ್ಕ ಹಾಕಿದ. ಚೀಲದ ತಳದಾಗ ಅರಿವ್ಯಾಗ ಸುತ್ತಿದ್ದು ಏನೋ ಒಂದು ಗಟ್ಟಿ ಇತ್ತು, ಅದನ್ನೂ ಕೊಡಕ್ಕ ಹಾಕಿದ. ಆಮ್ಯಾಲೆ ಮಾವನ್ನ ನೋಡಿದ. ಮಾವ ಕೊಡದಾಗ ಹಿಡಿಯಾಂವ ಅಲ್ಲ. ಅಂಗಳದಾಗ ಎಮ್ಮಿ ನೀರು ಕುಡಿಯೂ ಕಲ್ಲಿನ ದೋಣಿ ಇತ್ತು, ತುಂಬಿತ್ತು. ಜ್ವಾಳದ ಚೀಲ ಎತ್ತಿದಂಗ ಮಾವನ್ನ ಎತ್ತಿದ, ಒಯ್ದು ದೋಣ್ಯಾಗ ಕುಂಡರಿಸಿದ.

“ಏ ಏ, ಏನ ಮಾಡ್ತಿಲೇ ಹುಚ್ಚಾ!”

“ಏಳಬ್ಯಾಡ ಮಾವಾ. ಅವ್ವ ಹೇಳ್ಯಾಳ. ಮೆತ್ತಗಾಗೂತನ ನನ್ನ ಮುಂದ ತರಬ್ಯಾಡ ಅಂದಾಳ.”

ಏಳಾಕ ಹೊಂಟಿದ್ದ ಫಕೀರಪ್ಪ ಹಂಗ ಕುಂತ. ರುಮಾಲು ನೀರಾಗ ತೇಲತಿತ್ತು, ತಗೊಳ್ಳಲಿಲ್ಲ.

“ಹಂಗಂದ್ಳಾ?”

“ಹೂಂ. ಹಂಗ ಅಂದಾಳ.”

“ಮೆತ್ತಗಾಗೂತನ ತರಬ್ಯಾಡ ಅಂದ್ಳಾ.” ಮಾವ ಮುದುಕಪ್ಪನ ಕಡೆ ನೋಡಲಿಲ್ಲ, ನೀರಿನ ಕಡೆ ನೋಡಿದ. “ಖರೇ ಐತಿ ತಗೋ. ಅನ್ನಾಕ ಆಕಿಗೆ ಹಕ್ಕೈತಿ. ಅವ್ವನ ಹೆಣದ ಮುಂದ ನಿಂತು ನಾ ಆಡೂ ಮಾತೇನು ಅದು? ವರ್ಷಾ ಪಂಚಮೀಗೆ ಹೊಳಿ ದಂಡಿತನ ಬಂದು ಹೊಳ್ಳಿ ಹೋಗೇನಿ. ಹ್ಯಾಂಗ ಮಾರಿ ತೋರಸಲಿ ಅಂತ.”

ಮುದುಕಪ್ಪಗ ಇದೆಲ್ಲಾ ಬೇಕಿರಲಿಲ್ಲ. ಅಂವ ಕೊಡಕ್ಕ ಕೈ ಹಾಕಿ ಉಂಡಿ ಹಿಚುಕಿ ನೋಡೂದು, ದೋಣಿಗೆ ಬಂದು ಮಾವನ ರಟ್ಟಿ ಹಿಚುಕಿ ನೋಡೂದು. “ಮೆತ್ತಗಾದ್ಯೇನು ಮಾವಾ?” “ಇನ್ನೂ ಇಲ್ಲಪಾ.” ಮತ್ತ ಕೊಡ, ಮತ್ತ ದೋಣಿ. ಉಂಡಿ ಲಗೂನ ಮೆತ್ತಗಾದ್ವು. ಮಾವ ತಡಾ ಮಾಡಿದ. ಎಮ್ಮಿ ಬಂದು ಮಾವನ ಮಾರಿ ಮೂಸಿ, ನೀರು ಕುಡೀದ ಹೋತು.

“ಮೆತ್ತಗಾದ್ಯೇನು ಮಾವಾ?”

ಈ ಸಲ ಫಕೀರಪ್ಪನ ಗಲ್ಲದ ಮ್ಯಾಲೆ ನೀರು ಹರೀತಿತ್ತು, ಅದು ದೋಣೀದಲ್ಲ. “ಆದ್ನೋ ಅಳಿಯಾ, ಆದ್ನಿ. ಕರಿ ನಿಮ್ಮವ್ವನ್ನ.”

ಕರಿಯೂದೇನು, ಓಣ್ಯಾಗ ಯಾರೋ ಹೇಳಿದ್ರು: ಬಾಳವ್ವಾ, ನಿಮ್ಮ ದೋಣ್ಯಾಗ ಒಬ್ಬ ಗಂಡಸು ಕುಂತಾನ. ಆಕಿ ರೊಟ್ಟಿ ಬುಟ್ಟಿ ಅಲ್ಲೇ ಒಗದು ಓಡಿ ಬಂದ್ಲು. ಸೆರಗು ಜಾರಿದ್ದು ನೋಡಲಿಲ್ಲ, ಬಾತ ಗಲ್ಲ ಮುಚ್ಚಲಿಲ್ಲ, ಓಡಿ ಬಂದ್ಲು. ಬಂದು ದೋಣಿ ಮುಂದ ನಿಂತ್ಲು.

“ಅಣ್ಣಾ, ನೀರಾಗ ಯಾಕ ಕುಂತಿಯೋ?”

“ನೀನ ನೆನೀಹಾಕಂದಿಯಂತಲ್ಲಬೇ ತಂಗಿ. ನೆನದೇನಿ. ಮನಿಗೆ ನಡಿ, ಕರಿಯಾಕ ಬಂದೇನಿ.”

ಬಾಳವ್ವ ಅಳತಾಳೋ ನಗತಾಳೋ ತಿಳೀಲಿಲ್ಲ. ಗಲ್ಲ ಹಿಡಕೊಂಡು ಎರಡೂ ಮಾಡಿದ್ಲು. ಅಷ್ಟರಾಗ ಮುದುಕಪ್ಪ ಕೊಡ ಹೊತ್ತು ತಂದ. ಉಂಡಿ ಎಲ್ಲಾ ಕರಗಿ ಅಂಬಲಿ ಆಗಿತ್ತು. “ಮೆತ್ತಗಾಗ್ಯಾವವ್ವಾ, ತಿನ್ನು.” ಬಾಳವ್ವ ಬಯ್ಯಾಕ ಬಾಯಿ ತೆರದ್ಲು. ಏಲಕ್ಕಿ ವಾಸನಿ ಬಂತು. ಬೊಗಸಿ ಒಡ್ಡಿ ಕುಡದ್ಲು. ಬೆಲ್ಲ, ಕಡ್ಲಿ, ಏಲಕ್ಕಿ, ಅವ್ವ ಹಾಕತಿದ್ದ ಅಷ್ಟ ಪ್ರಮಾಣ. ನೋಯೂ ಹಲ್ಲಿಗೆ ಒಂದು ಕಾಳೂ ತಾಗಲಿಲ್ಲ. ಅಷ್ಟು ವರ್ಷದ ಪಂಚಮಿ ಆಕಿ ಒಂದ ಕೊಡದಾಗ ಕುಡದ್ಲು.

“ಇದೊಂದು ಮೆತ್ತಗಾಗವಲ್ತವ್ವಾ” ಅಂತ ಮುದುಕಪ್ಪ ಕೊಡದ ತಳಕ್ಕ ಕೈ ಹಾಕಿ ತಗದ. “ಎಷ್ಟ ಹಿಚುಕಿದ್ರೂ ಗಟ್ಟಿ ಐತಿ. ಇದನ್ನ ನಿನ್ನ ಮುಂದ ತರೂದಿಲ್ಲ, ಇನ್ನೂ ನೆನೀಲಿ.”

ತೊಯ್ದ ಅರಿವಿ ಬಿಚ್ಚಿತು. ಅಂಗೈಯಷ್ಟು ಕಬ್ಬಿಣದ ಕುಟ್ಟಾಣಿ.

ಬಾಳವ್ವ ಅದನ್ನ ಇಸಕೊಂಡು ಎದಿಗೆ ಅವಚಿದ್ಲು. ಫಕೀರಪ್ಪ ನೀರಾಗ ಕುಂತ ಅಂದ: “ಖಾಜೇಸಾಬ ಏನೂ ಹೇಳಲಿಲ್ಲ. ಏನೇನ ಹೇಳಬ್ಯಾಡ ಅಂದಾರ ಅಂತ ಅಷ್ಟ ಹೇಳಿದ. ಹಲ್ಲು ಹೋದ್ಮ್ಯಾಲೆ ಕೊಡೂ ಗತಿ ಬಂತಲ್ಲ ನನಗ, ಮೊದಲ ಕೊಡಬೇಕಿತ್ತು.”

“ಎದ್ದ ಬಾ ಅಣ್ಣಾ, ನೆಗಡಿ ಆಗತೈತಿ” ಅಂದ್ಲು ಬಾಳವ್ವ.

ಮರುದಿನ ಮುಂಜಾನಿ ಬಸ್ಸಿಗೆ ಅಣ್ಣ ತಂಗಿ ಹೊಂಟ್ರು. ಎಮ್ಮಿ ಬಿಟ್ಟು ಎಲ್ಲಾರೂ ಹೋಗಾಕ ಬರೂದಿಲ್ಲ, ಮುದುಕಪ್ಪ ಮನಿಗೆ ಉಳದ. ಬಾಳವ್ವ ಹೇಳಿದ್ಲು: “ಎಮ್ಮಿ ಕಳಕವ್ವ ಹಿಂಡತಾಳ. ನೀ ನೀರು ಕುಡಸು, ಹೊತ್ತಿಗೆ ಉಣ್ಣು. ಜೋಕಾಲಿ ಆಡಿ, ಹಲ್ಲು ಕೀಳಿಸಿಕೊಂಡು ಬಂದಬಿಡತೇನಿ.”

“ಆತವ್ವಾ.”

ಹೋದ್ಲು. ಒಂದಿನ ಆತು, ಎರಡ ದಿನ ಆತು. ಮುದುಕಪ್ಪ ಎಮ್ಮಿಗೆ ನೀರು ಕುಡಿಸಿದ. ಹೊತ್ತಿಗೆ ಉಂಡ. ಹುಟ್ಟಿದಾಗಿಂದ ಅವ್ವ ಇಲ್ಲದ ಮನಿ ಅಂವ ಕಂಡಿರಲಿಲ್ಲ. ಹುಲ್ಲು ಎಮ್ಮಿ ಹಿಂದ ಹಾಕಿದ್ರೂ ಬಯ್ಯಾವರಿಲ್ಲ, ಮುಂದ ಹಾಕಿದ್ರೂ ಬಯ್ಯಾವರಿಲ್ಲ. ಬಯ್ಯಾವರ ಇಲ್ಲದ ಮನ್ಯಾಗ ಏನ ಮಾಡಬೇಕು ಅಂತ ಅವ್ವ ಹೇಳಿ ಹೋಗಿರಲಿಲ್ಲ. ಹೊಸ್ತಿಲದಾಗ ಕುಂತ, ಹೊಳಿ ಕಡೆ ನೋಡಿದ. ಅವ್ವ ನೋಡತಿದ್ದಂಗ ಗಲ್ಲಕ್ಕ ಕೈ ಹಚ್ಚಿಕೊಂಡು ನೋಡಿದ. ಬಸ್ ಬಂದ್ವು, ಹೋದ್ವು.

ಮೂರನೇ ದಿನ ಸಂಜಿಗೆ ಕಳಕವ್ವ ಚರಿಗಿ ತಗೊಂಡು ಎಮ್ಮಿ ಹಿಂಡಾಕ ಬಂದ್ಲು. ಎಮ್ಮಿ ನೀರಡಿಸಿ ದೋಣಿ ಮುಂದ ನಿಂತಿತ್ತು. ದೋಣ್ಯಾಗ ಮುದುಕಪ್ಪ ಎದಿಮಟ ನೀರಾಗ ಕುಂತಿದ್ದ. ಬೆರಳೆಲ್ಲಾ ಸುಕ್ಕಾಗಿದ್ದು.

“ಯಾವಾಗಿಂದ ಕುಂತಿಯೋ ಯಪ್ಪಾ? ಏಳು, ಥಂಡಿ ಹತ್ತತೈತಿ.”

“ಏಳೂದಿಲ್ಲ ಚಿಗವ್ವಾ.”

“ಯಾಕೋ?”

“ಅವತ್ತ ಮಾವ ಇದರಾಗ ಕುಂತ, ಅವ್ವ ಓಡಿ ಬಂದ್ಲು. ನಾನೂ ಕುಂತೇನಿ. ಬರ್ತಾಳ.”

ಕಳಕವ್ವ ಚರಿಗಿ ಕೆಳಗ ಇಟ್ಟು ಆಕೀನೂ ದೋಣಿ ದಂಡಿಗೆ ಕುಂತ್ಲು.

ಸಂಜಿ ಬಸ್ ಬಂತು. ಓಣಿ ತುದ್ಯಾಗ ಬಾಳವ್ವ ಕಂಡ್ಲು. ಕೈಯಾಗ ಉಂಡಿ ಗಂಟು, ಗಲ್ಲ ಇಳದಿತ್ತು, ಬಾಯಾಗ ಒಂದು ಹಲ್ಲು ಕಡಿಮಿ. ದೋಣ್ಯಾಗ ಕುಂತ ಮಗನ್ನ ದೂರಿಂದನ ನೋಡಿದ್ಲು. ಗಂಟು ಒಗದು ಓಡಿ ಬಂದ್ಲು.

“ನೋಡ ಚಿಗವ್ವಾ” ಅಂದ ಮುದುಕಪ್ಪ. “ನಾ ಹೇಳಲಿಲ್ಲೇನು?”

ಅವತ್ತಿಂದ ಬಾಳವ್ವ ಸಂತಿಗೆ ಹೋಗಲಿ, ಹೊಲಕ್ಕ ಹೋಗಲಿ, ಬರೂದು ಸ್ವಲ್ಪ ತಡಾ ಆತಂದ್ರ ಇಂವ ಹೋಗಿ ದೋಣ್ಯಾಗ ಕುಂದರಾಂವ. ಆಕಿ ಬೈಕೋತ ಓಡಿ ಬರಾಕಿ. ಒಮ್ಮೆಯೂ ತಪ್ಪಲಿಲ್ಲ, ಹಿಂಗಾಗಿ ಅಂವಗ ಸುಳ್ಳಂತ ತಿಳಿಸಿ ಹೇಳಾಕ ಯಾರಿಗೂ ಆಗಲಿಲ್ಲ.

ಕಟ್ಟಿದ ಉಂಡಿ ಡಬ್ಬಿಗೆ, ಹೇಳಿದ ಕತಿ ನಿಮ್ಮ ಉಡಿಗೆ. ಯಾರರ ತವರಿಗೆ ಹೋಗಾವರಿದ್ರ ಮನ್ಯಾಗ ದೋಣಿ ನೀರು ಚೆಲ್ಲಿ ಹೋಗ್ರೆವ್ವಾ.